ದ್ರಾಕ್ಷಿ ಸಂಘದ ಅರಿವು ಕನ್ನಡಕ್ಕೂ ಬರಲಿ

ಪುಣೆಯ ಮಹಾರಾಷ್ಟ್ರ ರಾಜ್ಯ ದ್ರಾಕ್ಷ ಬಾಗಾಯತದಾರ ಸಂಘ 1960ರಲ್ಲಿ ಬೆಳೆಗಾರರೇ ಕಟ್ಟಿಕೊಂಡ ಸಂಸ್ಥೆ. ಒಬ್ಬರ ತೋಟದ ಅನುಭವವನ್ನು ಎಲ್ಲರಿಗೂ ಹಂಚಿದ್ದೇ ಅದರ ಬಲ. 1991ರಲ್ಲಿ ರಫ್ತಿಗಾಗಿ ಮಹಾಗ್ರೇಪ್ಸ್ ಹುಟ್ಟಿತು. 1997ರಲ್ಲಿ ಮಾಂಜರಿಯಲ್ಲಿ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಆರಂಭವಾಯಿತು.

ಆದರೆ ಸಂಘದ ಮಾಸಿಕ ‘ದ್ರಾಕ್ಷವೃತ್ತ’ ಇರುವುದು ಮರಾಠಿಯಲ್ಲಿ. ವಿಜಯಪುರ, ಅಥಣಿ ಕಡೆಯ ಬೆಳೆಗಾರರ ಒಣದ್ರಾಕ್ಷಿ ತಾಸಗಾಂವ್ ಮಾರುಕಟ್ಟೆಗೆ ಬರುತ್ತದೆ. ಇಲ್ಲಿನ ಅರಿವು ಮಾತ್ರ ಮರಾಠಿ ಓದಲು ಬಾರದವರಿಗೆ ಮುಟ್ಟುವುದಿಲ್ಲ. ಬಳ್ಳಿ ಸವರುವ ಚಾಟ್ನಿ ಹದ ತಪ್ಪಿದರೆ ವರ್ಷದ ಬೆಳೆಗೇ ಪೆಟ್ಟು.

ಪುಣೆ ಕನ್ನಡಿಗರು ಎರಡೂ ಭಾಷೆ ಬಲ್ಲವರು. ನಾಟಕ, ಹಬ್ಬಗಳ ಜತೆಗೆ ನಮ್ಮ ಕನ್ನಡ ಸಂಘಗಳು, ಬೆಳೆಗಾರರ ಸಂಘದ ಒಪ್ಪಿಗೆ ಪಡೆದು, ಈ ಮಾಹಿತಿಯನ್ನು ಕನ್ನಡಕ್ಕೆ ತಂದರೆ ತವರಿನ ಋಣ ಕಿಂಚಿತ್ತಾದರೂ ತೀರೀತು.