ಮನೆಯೊಳಗಿನ ಅಡಿಕೆ ಮತ್ತು ವಿಮೆಯ ತಕರಾರು



2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿ ಹೊನ್ನಾಳಿಯ ತಗ್ಗು ಪ್ರದೇಶಗಳಿಗೆ ನುಗ್ಗಿದ್ದು ತಮಗೆ ನೆನಪಿರಬಹುದು. ಅಂಥ ನೀರು ಇಳಿದ ಮೇಲೆ ಶುರುವಾಗುವುದು ವಿಮೆಯ ತಕರಾರು.

ನಮ್ಮಲ್ಲಿ ಮನೆಯೂ ಅದೇ, ಗೋದಾಮೂ ಅದೇ. ಚನ್ನಗಿರಿ, ನ್ಯಾಮತಿ ಕಡೆಯ ಸಣ್ಣ ಬೆಳೆಗಾರರು ಒಳ್ಳೆಯ ಧಾರಣೆ ಬರಲೆಂದು ಒಣ ಅಡಿಕೆಯ ಚೀಲಗಳನ್ನು ಪಡಸಾಲೆಯಲ್ಲೋ ಒಳಕೋಣೆಯಲ್ಲೋ ಮಳೆಗಾಲದವರೆಗೂ ಇಟ್ಟುಕೊಳ್ಳುವುದುಂಟು. ಆದರೆ 2021ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ 'ಭಾರತ್ ಗೃಹ ರಕ್ಷಾ' ಪಾಲಿಸಿ ಇರುವುದು ವಾಸದ ಕಟ್ಟಡಕ್ಕೆ ಮತ್ತು ಮನೆ ಸಾಮಾನಿಗೆ. ಮಾರಾಟಕ್ಕಿಟ್ಟ ಅಡಿಕೆಯಾಗಲಿ ಕಾಫಿಯಾಗಲಿ ಮನೆ ಸಾಮಾನಲ್ಲ; ಅದಕ್ಕೆ ಬೇರೆಯೇ ದಾಸ್ತಾನು ವಿಮೆ ಬೇಕು. ಪ್ರೀಮಿಯಂ ಕಟ್ಟಿಸಿಕೊಳ್ಳುವಾಗ ಇದನ್ನು ಬಿಡಿಸಿ ಹೇಳುವವರು ಕಡಿಮೆ. ಸಾಲದ ಜೊತೆ ಬಂದ ಪಾಲಿಸಿಯಾದರಂತೂ ಎಷ್ಟೋ ಮಂದಿ ಅದರ ಪ್ರತಿಯನ್ನೇ ಕಂಡಿರುವುದಿಲ್ಲ. ಕಂಡರೂ ಇಂಗ್ಲಿಷು.

ಇನ್ನೊಂದು ಜಗಳ 'ಸೋರಿಕೆ' ಎಂಬ ಪದದ್ದು. ಪ್ರವಾಹ, ಬಿರುಗಾಳಿ, ಒಡೆದ ತೊಟ್ಟಿ ಅಥವಾ ಪೈಪಿನ ನೀರು ಇವುಗಳಿಗೆ ಪರಿಹಾರವುಂಟು. ಹಳೆಯ ಹೆಂಚು ಸರಿದು ದಿನೇ ದಿನೇ ಗೋಡೆ ನೆನೆದರೆ, ದುರಸ್ತಿ ಮಾಡಿಸಲಿಲ್ಲವೆಂದು ತಪ್ಪು ನಮ್ಮ ಮೇಲೆಯೇ. ಸರಿ, ಜಗಳೂರಿನಂಥ ಬರದ ಸೀಮೆಯಲ್ಲಿ ಒಂದೇ ರಾತ್ರಿಯ ಮಳೆಗೆ ಹೊಲದ ನೀರು ನುಗ್ಗಿ ಮಣ್ಣಿನ ಗೋಡೆ ಕುಸಿದರೆ ಅದು ಪ್ರವಾಹವೋ ಸೋರಿಕೆಯೋ? ಸರ್ವೇಯರು ಬರುವಷ್ಟರಲ್ಲಿ ನಾವು ನೆಲ ತೊಳೆದು, ನೆನೆದ ಚೀಲಗಳನ್ನು ಕಣಕ್ಕೆ ಸಾಗಿಸಿರುತ್ತೇವೆ. (ಬೂಸ್ಟು ಯಾವ ಸರ್ವೇಯರಿಗೂ ಕಾಯುವುದಿಲ್ಲ!) ಆದ್ದರಿಂದ ಗೋಡೆಯ ಮೇಲಿನ ನೀರಿನ ಗುರುತು ಅಳಿಸುವ ಮೊದಲೇ ಫೋಟೋ ತೆಗೆದಿಡಿ. ಅಂದೇ ಕಂಪನಿಗೆ ಬರೆದು ತಿಳಿಸಿ, ಪಂಚರ ಸಮ್ಮುಖ ಮಹಜರು ಮಾಡಿಸಿಕೊಳ್ಳಿ. 'ಪೂರ್ಣ ಇತ್ಯರ್ಥ' ಎಂದು ಬರೆದ ಚೀಟಿಗೆ ಓದದೆ ಸಹಿ ಹಾಕಬೇಡಿ.

ಸರ್ವೇಯರ ವರದಿಯೇ ಕೊನೆಯ ಮಾತಲ್ಲವೆಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ.

ಆದರೂ ಒಂಟಿ ಬೆಳೆಗಾರ ಎಷ್ಟೆಂದು ಅಲೆದಾನು? ಅಡಿಕೆಯನ್ನು ಸಂಘದ ಗೋದಾಮಿಗೆ ತಂದಿಡಿ ಎನ್ನುವುದು ಸುಲಭ. ನಾಲ್ಕು ಚೀಲದವನಿಗೆ ಗಾಡಿ ಬಾಡಿಗೆ, ಹಮಾಲಿ ಕಳೆದರೆ ಉಳಿಯುವುದೇನು? ಮನೆಯನ್ನೂ ಅದರೊಳಗಿನ ದಾಸ್ತಾನನ್ನೂ ಒಟ್ಟಿಗೆ ಒಳಗೊಂಡ ಸಾಮೂಹಿಕ ವಿಮೆಗಾಗಿ, ಅದರ ಷರತ್ತುಗಳ ಕನ್ನಡ ಪ್ರತಿಗಾಗಿ, ಸಂಘವೇ ಕಂಪನಿಗಳೊಡನೆ ಮಾತಿಗೆ ಕೂರಬೇಕು. ಬರುವ ಸರ್ವ ಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಬೇಕೆಂದು ಆಡಳಿತ ಮಂಡಳಿಯನ್ನು ಕೋರುತ್ತೇನೆ.