ರಾಗ ಬಾರದವನ ತಕರಾರು

ರಾಗದ ಗುರುತು ಸಿಕ್ಕದವನು ಹೊಸ ಹಾಡಿನ ತಟ್ಟೆಗಳ ವಿಷಯದಲ್ಲಿ ಬಾಯಿ ಬಿಡಬಾರದೆಂದು ಸಂಗೀತ ಬಲ್ಲವರ ಅಪ್ಪಣೆ. ಕಛೇರಿಯ ಮಟ್ಟಿಗೆ ಒಪ್ಪೋಣ. ಭಾವಗೀತೆಗೆ ಈ ಕಟ್ಟಳೆ ಸಲ್ಲದು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಧ್ವನಿಸುರುಳಿಯನ್ನು ಜನ ಮೆಚ್ಚಿದ್ದು ಸ್ವರ ಎಣಿಸಿ ಅಲ್ಲ. ಮಾತು ತಿಳಿಯುತ್ತಿತ್ತು, ಅದಕ್ಕೆ. ಈಚೆಗೆ ಕೊಂಡ ಮೂರು ತಟ್ಟೆಗಳನ್ನು ಜೋಗುಪಾಳ್ಯದ ಮನೆಯಲ್ಲಿ ಕೂತು ಕೇಳಿದೆ. ಒಂದರಲ್ಲಿ ತಬಲ, ಇನ್ನೊಂದರಲ್ಲಿ ಕೀಬೋರ್ಡು. ಬೇಂದ್ರೆಯವರ ಪ್ರಾಸವೆಲ್ಲ ಅವುಗಳಡಿ ಅಪ್ಪಚ್ಚಿ. ಮೂರನೆಯದರ ಹೊದಿಕೆಯ ಮೇಲೆ ಗಾಯಕರ ಭಾವಚಿತ್ರವಿದೆ, ಕವಿಯ ಹೆಸರೇ ಇಲ್ಲ! ತಮಿಳು, ತೆಲುಗು, ಉರ್ದುಗಳ ನಡುವೆ ಬೆಳೆಯುವ ಇಲ್ಲಿನ ಹುಡುಗರಲ್ಲಿ ಎಷ್ಟೋ ಮಂದಿಗೆ ಕನ್ನಡ ಕವಿತೆ ಕಿವಿಯಿಂದಲೇ ದಕ್ಕಬೇಕು. ಪದ ಕೇಳಿಸಲಿಲ್ಲವೆಂದು ದೂರಲು ಯಾವ ಲಕ್ಷಣಗ್ರಂಥ ಓದಿರಬೇಕು, ಸ್ವಾಮಿ? ಹೊದಿಕೆಯ ಮೇಲೆ ಕವಿಯ ಹೆಸರು, ಒಳಗೆ ಪದ್ಯದ ಪೂರ್ಣಪಾಠ—ಇಷ್ಟನ್ನು ಕೊಡದವರ ತಟ್ಟೆಗೆ ಇನ್ನು ಮುಂದೆ ನನ್ನ ದುಡ್ಡಿಲ್ಲ.