ಒಂದೇ ಮರವನ್ನು ನೂರು ಸಲ ಅಳೆದರೆ ನೂರು ಮರವಾಗುವುದಿಲ್ಲ

ಪರಿಸರ ವಿಜ್ಞಾನದ ಸೆಮಿನಾರುಗಳಲ್ಲಿ ತಪ್ಪದೆ ಕೇಳಿಬರುವ ಪ್ರಶ್ನೆಯೊಂದಿದೆ: ಒಟ್ಟು ಎಷ್ಟು ಅಳತೆ ತೆಗೆದಿರಿ? ಸಂಖ್ಯೆ ದೊಡ್ಡದಾದರೆ ತಲೆದೂಗುತ್ತಾರೆ, ಚಿಕ್ಕದಾದರೆ ಹುಬ್ಬು ಗಂಟಿಕ್ಕುತ್ತಾರೆ. ನನ್ನ ತಕರಾರು ಈ ಪ್ರಶ್ನೆಯ ಮೇಲೆಯೇ. ಕೇಳಬೇಕಾದ್ದು ಎಷ್ಟು ಸಲ ಅಳೆದಿರಿ ಎಂದಲ್ಲ, ಎಷ್ಟನ್ನು ಅಳೆದಿರಿ ಎಂದು.

ಲಂಟಾನವನ್ನು ಕಿತ್ತರೆ ಕಾಡಿನ ಸಸಿಗಳು ಹೆಚ್ಚುತ್ತವೆಯೇ ಎಂದು ತಿಳಿಯಬೇಕು ಅನ್ನಿ. ಐದು ಪ್ಲಾಟುಗಳಲ್ಲಿ ಕಿತ್ತು, ಐದರಲ್ಲಿ ಹಾಗೇ ಬಿಟ್ಟು, ವರ್ಷವಿಡೀ ತಿಂಗಳಿಗೊಮ್ಮೆ ಸಸಿ ಎಣಿಸಿದರೆ ಹಾಳೆಯಲ್ಲಿ 120 ಸಾಲು. ಆದರೆ ಹಳ್ಳದ ಪಕ್ಕದ ಪ್ಲಾಟು ಜನವರಿಯಲ್ಲೂ ತಂಪು, ಮಾರ್ಚಿನಲ್ಲೂ ತಂಪು. ಬಂಡೆಯ ಮೇಲಿನದು ಎರಡರಲ್ಲೂ ಬರಡು. ಒಂದೇ ಪ್ಲಾಟಿನ ಅಳತೆಗಳ ನಡುವಿನ ಸಹಸಂಬಂಧ 0.8 ಇದ್ದರೆ, ಕಿತ್ತದ್ದನ್ನೂ ಬಿಟ್ಟದ್ದನ್ನೂ ಹೋಲಿಸುವ ಮಟ್ಟಿಗೆ ಆ 120 ಸಾಲುಗಳ ಬೆಲೆ ಸುಮಾರು 12 ಸ್ವತಂತ್ರ ಅಳತೆಗಳಷ್ಟೇ. ಒಬ್ಬನೇ ಸಾಕ್ಷಿಯನ್ನು ಹನ್ನೆರಡು ಸಲ ಕಟಕಟೆ ಹತ್ತಿಸಿದರೆ ಹನ್ನೆರಡು ಸಾಕ್ಷಿಗಳಾಗುವುದಿಲ್ಲ.

ಇದು ಹೊಸ ಮಾತಲ್ಲ. 1984ರಲ್ಲೇ ಸ್ಟುವರ್ಟ್ ಹರ್ಲ್‌ಬರ್ಟ್ ಇದನ್ನು ಸ್ಯೂಡೋರೆಪ್ಲಿಕೇಶನ್ ಎಂದು ಕರೆದರು. ಅವರು ಪರಿಶೀಲಿಸಿದ 176 ಪ್ರಯೋಗಗಳಲ್ಲಿ, ಸಂಖ್ಯಾಶಾಸ್ತ್ರದ ಪರೀಕ್ಷೆ ಬಳಸಿದವುಗಳ ಪೈಕಿ ಶೇ. 48ರಲ್ಲಿ ಈ ದೋಷವಿತ್ತು.

ಮಿಕ್ಸೆಡ್-ಎಫೆಕ್ಟ್ಸ್ ಮಾಡೆಲ್ ಇದಕ್ಕೆ ಒಳ್ಳೆಯ ಉತ್ತರ. ಪ್ರತಿ ಪ್ಲಾಟಿಗೂ ತನ್ನದೇ ಸ್ವಭಾವವಿದೆ ಎಂದು ಅದು ಒಪ್ಪಿಕೊಂಡು, ಪ್ಲಾಟುಗಳ ನಡುವಿನ ಏರುಪೇರನ್ನೂ ಒಂದೇ ಪ್ಲಾಟಿನೊಳಗಿನ ಏರುಪೇರನ್ನೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದರೆ ಈಗ ಅದೇ ಒಂದು ಮಡಿಯಾಗಿಬಿಟ್ಟಿದೆ. ಕೋಡಿನಲ್ಲಿ ಪ್ಲಾಟಿನ ಹೆಸರನ್ನು ಆವರಣ ಚಿಹ್ನೆಯೊಳಗೆ ಸೇರಿಸಿದರೆ ಸಾಕು, ಡೇಟಾ ಶುದ್ಧವಾಯಿತು ಎಂಬ ನಂಬಿಕೆ. ಪ್ಲಾಟುಗಳ ಆರಂಭದ ಮಟ್ಟವನ್ನು ಮಾತ್ರ ಬೇರೆಯಾಗಲು ಬಿಟ್ಟು, ಮಳೆಗೆ ಎಲ್ಲವೂ ಒಂದೇ ಸಮನೆ ಸ್ಪಂದಿಸುತ್ತವೆ ಎಂದುಕೊಂಡರೆ, ಮಳೆಯ ಪರಿಣಾಮದ ಬಗ್ಗೆ ಇಲ್ಲದ ಖಚಿತತೆ ಹುಟ್ಟುತ್ತದೆ. 2009ರಲ್ಲಿ ಶೀಲ್ಜೆತ್ ಮತ್ತು ಫೋರ್ಸ್ಟ್‌ಮೈಯರ್ ಎಚ್ಚರಿಸಿದ್ದು ಈ ಬಗೆಯ ಅತಿವಿಶ್ವಾಸದ ವಿರುದ್ಧವೇ.

ಇನ್ನು ಬೇಲಿಯ ಈಚೆ ಒಂದು ಕಡೆ ಲಂಟಾನ ಕಿತ್ತು, ಆಚೆ ಒಂದು ಕಡೆ ಬಿಟ್ಟಿದ್ದರಂತೂ ಯಾವ ಮಾಡೆಲ್ಲೂ ಕಾಪಾಡದು. ವ್ಯತ್ಯಾಸ ಕಳೆ ಕಿತ್ತದ್ದರಿಂದ ಬಂತೋ ಮಣ್ಣಿನಿಂದ ಬಂತೋ ಹೇಳಲಾಗದು. ಹತ್ತು ವರ್ಷ ಎಣಿಸಿದರೂ ಅಷ್ಟೇ.

'ಆನೆ ಕಾಡು, ಅನುಮತಿ ಸಿಗುವುದೇ ಕಷ್ಟ, ಹತ್ತು ಪ್ಲಾಟು ಎಲ್ಲಿಂದ ತರುವುದು?' ಎನ್ನುತ್ತಾರೆ. ನಿಜವಾದ ಕಷ್ಟವೇ. ಹಾಗಿದ್ದರೆ ಮಾತನ್ನು ಚಿಕ್ಕದು ಮಾಡಿ. ಭಾರತೀಯ ವಿಜ್ಞಾನ ಸಂಸ್ಥೆಯವರು ಮುದುಮಲೈಯಲ್ಲಿ 1988ರಲ್ಲಿ ಆರಂಭಿಸಿದ 50 ಹೆಕ್ಟೇರಿನ ಪ್ಲಾಟು ಒಂದೇ. ಅಲ್ಲಿ ಮರಮರಕ್ಕೂ ಸಂಖ್ಯೆ ಕಟ್ಟಿ, ಯಾವುದು ಬೆಳೆಯಿತು, ಯಾವುದು ಸತ್ತಿತು ಎಂದು ವರ್ಷಗಟ್ಟಲೆ ಹಿಂಬಾಲಿಸಿದ್ದಾರೆ. ಒಂದೇ ಜಾಗವನ್ನು ಮತ್ತೆ ಮತ್ತೆ ನೋಡುವುದರಿಂದ ಕಾಲದ ಕಥೆ ಸಿಗುತ್ತದೆ; ಎಲ್ಲ ಕಾಡುಗಳ ತೀರ್ಪು ಸಿಗುವುದಿಲ್ಲ.

ಇದು ಬರೀ ಪ್ರಬಂಧದ ಜಗಳವಲ್ಲ. ನಮ್ಮ ಹುಸಿ ಖಚಿತತೆಯನ್ನು ನಂಬಿ ಯಾರೋ ಸಾವಿರಾರು ಎಕರೆಯಲ್ಲಿ ಕಳೆ ಕೀಳಿಸಬಹುದು, ಅಥವಾ ಕೀಳುವುದನ್ನೇ ನಿಲ್ಲಿಸಬಹುದು. ಆದ್ದರಿಂದ ಪ್ರತಿ ಪ್ರಬಂಧದ ಮೊದಲ ಕೋಷ್ಟಕದಲ್ಲೇ ಎಷ್ಟು ಜಾಗ, ಜಾಗಕ್ಕೆ ಎಷ್ಟು ಸಲ ಎಂಬ ಎರಡು ಸಂಖ್ಯೆಗಳು ಬೇರೆ ಬೇರೆಯಾಗಿ ಇರಲಿ. ಅವೆರಡನ್ನು ಗುಣಿಸಿ ಮೆರೆಯುವವರನ್ನು ಪರೀಕ್ಷಕರು ಅಲ್ಲೇ ತಡೆಯಲಿ.